ಹಳೆ ಲೇತ್: ಬೆಡ್ ಗ್ರೈಂಡಿಂಗ್‌ಗೆ ಕಳಿಸುವ ಮುಂಚೆ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಬಾಗಿಲು ಮುಚ್ಚಿದ ವರ್ಕ್‌ಶಾಪ್ ಒಂದರಿಂದ ನಾಲ್ಕೂವರೆ ಅಡಿಯ ಹಳೆ ಲೇತ್ (ಲೋಹದ ರಾಡನ್ನು ತಿರುಗಿಸುತ್ತಾ ಟೂಲ್‌ನಿಂದ ಕೊರೆಯುವ ಮಷೀನ್) ಕೊಂಡಿದ್ದೇನೆ. ಪಂಜಾಬಿನ ಬಟಾಲಾದ್ದು ಅಂತ ಹೇಳಿದರು. ಕೋನ್ ಪುಲ್ಲಿ, ಫ್ಲಾಟ್ ಬೆಲ್ಟ್, ಸ್ಪಿಂಡಲ್ ತಿರುಗುವ ಹೆಡ್‌ಸ್ಟಾಕ್‌ನಲ್ಲಿ ಬೇರಿಂಗ್ ಆಗಿ ಗನ್‌ಮೆಟಲ್ ಬುಷ್. ಕೊಳ್ಳುವ ಮುಂಚೆ ಅಲ್ಲೇ ಓಡಿಸಿ ನೋಡಿದ್ದೆ. 25 ಮಿ.ಮೀ. ರಾಡನ್ನು ಚಕ್‌ಗೆ ಹಿಡಿದು 150 ಮಿ.ಮೀ. ಉದ್ದ ಟರ್ನ್ ಮಾಡಿದಾಗ ಹೊರತುದಿ 0.15 ಮಿ.ಮೀ. ದಪ್ಪ ಬಂತು. ಪಾರ್ಟಿಂಗ್ ಮಾಡುವಾಗ, ಅಂದರೆ ರಾಡನ್ನು ಟೂಲ್‌ನಲ್ಲಿ ಕತ್ತರಿಸಿ ಬೇರೆ ಮಾಡುವಾಗ, ಇಡೀ ಮಷೀನ್ ನಡುಗಿತು. ಬೆಡ್ ಮೇಲೆ, ಅಂದರೆ ಟೂಲ್ ಸರಿಯುವ ಹಳಿಗಳಿರುವ ಉದ್ದ ತಳದ ಮೇಲೆ, ತುಕ್ಕು ಇದೆ. ಒಬ್ಬರು ಬೆಡ್ ಗ್ರೈಂಡಿಂಗ್ ಮಾಡಿಸಿ (ಹಳಿಗಳನ್ನು ಮಸೆದು ಸಮ ಮಾಡಿಸಿ) ಅನ್ನುತ್ತಾರೆ, ಇನ್ನೊಬ್ಬರು ಗುಜರಿಗೆ ಕೊಡಿ ಅನ್ನುತ್ತಾರೆ. ಮೋಟಾರ್ ತ್ರೀ ಫೇಸ್, ನಮ್ಮ ಮನೆಗೆ ಇರುವುದು ಸಿಂಗಲ್ ಫೇಸ್. ಮಗಳ ಜೊತೆ ಕೂತು ಒಂದು ಸಣ್ಣ ಸ್ಟೀಮ್ ಎಂಜಿನ್ ಮಾಡೆಲ್ ಮಾಡುವ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಗುಜರಿಗೆ ಕೊಡಬೇಡಿ. ಗ್ರೈಂಡಿಂಗ್‌ಗೂ ಈಗಲೇ ಕಳಿಸಬೇಡಿ. ನೀವು ಬರೆದ ಒಂದು ಮಾತಿನಲ್ಲೇ ಅರ್ಧ ಉತ್ತರ ಇದೆ. ಹೊರತುದಿ ದಪ್ಪ ಬಂತು ಅಂದಿರಲ್ಲ, ಬೆಡ್ ಸವೆದ ಲೇತ್ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಅದು ಚಕ್ ಕಡೆ ದಪ್ಪ ಮಾಡುತ್ತದೆ.

ಯಾಕೆ ಅಂತ ಹೇಳುತ್ತೇನೆ. ಸಣ್ಣ ಸಣ್ಣ ಜಾಬ್ ಮಾಡುವ ವರ್ಕ್‌ಶಾಪ್‌ನಲ್ಲಿ ಟೂಲನ್ನು ಹೊತ್ತ ಸ್ಯಾಡಲ್ ದಿನವಿಡೀ ಓಡಾಡುವುದು ಚಕ್ ಹತ್ತಿರದ ಒಂದು ಒಂದೂವರೆ ಅಡಿಯಲ್ಲಿ. ಬೆಡ್ ಸವೆಯುವುದೂ ಅಲ್ಲೇ. ಚಕ್‌ನ ಎದುರು ತುದಿಯ, ಅಂದರೆ ಟೇಲ್‌ಸ್ಟಾಕ್ ಕಡೆಯ ಕೊನೆಯ ಅಡಿ ಎಷ್ಟೋ ಸಲ ಹೊಸ ಮಷೀನಿನ ಹಾಗೇ ಇರುತ್ತದೆ. ಇನ್ನೊಂದು ವಿಷಯ: ಮುಂದಿನ ಹಳಿ ಹಿಂದಿನದಕ್ಕಿಂತ ಜಾಸ್ತಿ ಸವೆಯುತ್ತದೆ. ಸ್ಯಾಡಲ್‌ಗೆ ಮುಂದೆ ತೂಗುವ ಏಪ್ರನ್‌ನ ಭಾರ ಮುಂದೆ, ಟೂಲಿನ ಒತ್ತಡ ಮುಂದೆ, ಬೀಡು ಕಬ್ಬಿಣ ಟರ್ನ್ ಮಾಡುವಾಗ ಉದುರುವ ಪುಡಿಯೂ ಮುಂದೆ.

ಈಗ ಸ್ವಲ್ಪ ಲೆಕ್ಕ ನೋಡೋಣ. ಸ್ಯಾಡಲ್ ಹಿಂದೆ ಮುಂದೆ ಒಂದೇ ಸಮ 0.1 ಮಿ.ಮೀ. ಕೆಳಗೆ ಇಳಿದಿದೆ ಅಂದುಕೊಳ್ಳಿ. ಟೂಲಿನ ತುದಿ ಸೆಂಟರ್‌ಗಿಂತ 0.1 ಮಿ.ಮೀ. ಕೆಳಗೆ ಬಂತು. 40 ಮಿ.ಮೀ. ವ್ಯಾಸದ ಜಾಬ್‌ನಲ್ಲಿ ಇದರಿಂದ ಬರುವ ವ್ಯತ್ಯಾಸ 0.0005 ಮಿ.ಮೀ. ಮಾತ್ರ. ನಿಮ್ಮ ಮೈಕ್ರೋಮೀಟರ್‌ಗೆ ಅದು ಕಾಣಿಸುವುದೂ ಇಲ್ಲ. ಅದೇ 0.1 ಮಿ.ಮೀ. ಮುಂದಿನ ಹಳಿ ಒಂದರಲ್ಲೇ ಸವೆದಿದ್ದರೆ ಕತೆ ಬೇರೆ. ಸ್ಯಾಡಲ್ ನಿಮ್ಮ ಕಡೆಗೆ ವಾಲುತ್ತದೆ. ಹಳಿಗಳ ನಡುವಿನ ಅಂತರ 250 ಮಿ.ಮೀ., ಸೆಂಟರ್ ಎತ್ತರ 150 ಮಿ.ಮೀ. ಇದ್ದರೆ ಟೂಲ್ 0.06 ಮಿ.ಮೀ. ಹಿಂದೆ ಸರಿಯುತ್ತದೆ. ವ್ಯಾಸದಲ್ಲಿ 0.12 ಮಿ.ಮೀ. ಜಾಸ್ತಿ. ಹೀಗೆ ಟೂಲ್ ಹಿಂದೆ ಸರಿಯುವುದು ಸವೆತ ಇರುವ ಕಡೆ, ಅಂದರೆ ಚಕ್ ಹತ್ತಿರ. ದಪ್ಪ ಬರಬೇಕಾದದ್ದು ಅಲ್ಲಿ. ನಿಮಗೆ ಬಂದದ್ದು ಇನ್ನೊಂದು ತುದಿಯಲ್ಲಿ.

ಹಾಗಾದರೆ 0.15 ಎಲ್ಲಿಂದ ಬಂತು? ಮೂರು ಕಡೆಯಿಂದ ಬಂದಿರಬಹುದು. ಮೊದಲನೆಯದು ರಾಡ್ ಬಾಗುವುದು. 25 ಮಿ.ಮೀ. ಉಕ್ಕಿನ ರಾಡ್ 150 ಮಿ.ಮೀ. ಹೊರಗೆ ಚಾಚಿಕೊಂಡಿದ್ದಾಗ ಟೂಲ್ ಅದನ್ನು ಹತ್ತು ಕೆಜಿ ಬಲದಲ್ಲಿ ಹಿಂದಕ್ಕೆ ತಳ್ಳಿದರೆ ತುದಿ ಸುಮಾರು 0.03 ಮಿ.ಮೀ. ಬಾಗುತ್ತದೆ. ವ್ಯಾಸದಲ್ಲಿ 0.06. ಟೂಲ್ ಮೊಂಡಾಗಿದ್ದರೆ ಇನ್ನೂ ಜಾಸ್ತಿ. ಎರಡನೆಯದು ಸ್ಪಿಂಡಲ್ ಬುಷ್ ಸಡಿಲ. ಪಾರ್ಟಿಂಗ್‌ನಲ್ಲಿ ನಡುಗಿತು ಅಂದಿರಿ, ಅದು ಇದಕ್ಕೇ ಬೊಟ್ಟು ಮಾಡುತ್ತದೆ. ಮೂರನೆಯದು ಬೆಡ್ ತಿರುಚಿಕೊಂಡಿರುವುದು. ನೆಲ ಸಮ ಇಲ್ಲದ ಕಡೆ ನಾಲ್ಕೂ ಬೋಲ್ಟ್ ಬಿಗಿದರೆ ಬೀಡಿನ ಬೆಡ್ಡೂ ತಿರುಚುತ್ತದೆ. ನೀವು ಅಳೆದದ್ದು ಆ ಹಳೆ ವರ್ಕ್‌ಶಾಪ್‌ನ ನೆಲದ ಮೇಲೆ ಕೂತಿದ್ದ ಲೇತನ್ನು. ಈಗ ಅದು ನಿಮ್ಮ ಶೆಡ್‌ನಲ್ಲಿದೆ. ಆ 0.15ರಲ್ಲಿ ಒಂದು ಪಾಲು ಆ ನೆಲದ್ದೇ ಆಗಿದ್ದರೆ ಅದು ಅಲ್ಲೇ ಉಳಿದುಹೋಗಿದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಪೀಣ್ಯದಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ನಾನೂ ಒಂದು ಹಳೆ ಲೇತ್ ಕೊಂಡೆ. ಟೇಪರ್, ಅಂದರೆ ಒಂದು ತುದಿ ದಪ್ಪ, ಬರುತ್ತಿತ್ತು. ಬೇರೇನೂ ನೋಡದೆ ಬೆಡ್ ಬಿಚ್ಚಿ ಗ್ರೈಂಡಿಂಗ್‌ಗೆ ಕಳಿಸಿದೆ. ವಾಪಸ್ ಬಂದಾಗ ಬೆಡ್ ಕನ್ನಡಿಯ ಹಾಗಿತ್ತು. ಆದರೆ ಜೋಡಿಸಲು ಕೂತರೆ ಏನೂ ಕೂರುತ್ತಿಲ್ಲ. ಬೆಡ್‌ನಿಂದ ಲೋಹ ಹೋದಷ್ಟೂ ಸ್ಯಾಡಲ್ ಕೆಳಗೆ ಇಳಿಯುತ್ತದೆ, ಅದರ ಜೊತೆ ಏಪ್ರನ್ ಇಳಿಯುತ್ತದೆ. ಸ್ಯಾಡಲನ್ನು ಸರಿಸುವ ಲೀಡ್ ಸ್ಕ್ರೂ ಮತ್ತು ರ್‍ಯಾಕ್ ಮಾತ್ರ ಹಳೆ ಜಾಗದಲ್ಲೇ ಇರುತ್ತವೆ. ಲೀಡ್ ಸ್ಕ್ರೂವನ್ನು ಕಚ್ಚುವ ಹಾಫ್ ನಟ್ ಮುಚ್ಚಿದರೆ ಸ್ಕ್ರೂ ಬಾಗುತ್ತಿತ್ತು. ಸ್ಯಾಡಲ್ ತಳಕ್ಕೆ ಟರ್ಸೈಟ್ ಅನ್ನುವ ನುಣುಪು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೆರೆದು, ಮತ್ತೆ ಎತ್ತರಕ್ಕೆ ತರುವಷ್ಟರಲ್ಲಿ ಒಂದು ವರ್ಷ ಹೋಯಿತು. ಇಷ್ಟೆಲ್ಲ ಆದ ಮೇಲೂ ಟೇಪರ್ ಹೋಗಿರಲಿಲ್ಲ. ಕೊನೆಗೆ ಸರಿಯಾದದ್ದು ಕಾಲಿನ ಕೆಳಗೆ ಒಂದು ತಗಡಿನ ಚೂರು ಇಟ್ಟಾಗ.

ಗ್ರೈಂಡಿಂಗ್ ಬೇಕೇ ಬೇಕು ಅನ್ನುವ ಬೆಡ್ ಇಲ್ಲ ಅಂತಲ್ಲ. ಆದರೆ ಅದು ಬೆಡ್ ಒಂದರ ಕೆಲಸ ಅಲ್ಲ, ಇಡೀ ಲೇತನ್ನು ಮತ್ತೆ ಕಟ್ಟುವ ಕೆಲಸ. ನಿಮ್ಮ ಬೆಡ್ ಎಷ್ಟು ಸವೆದಿದೆ ಅಂತ ಐದು ನಿಮಿಷದಲ್ಲಿ ತಿಳಿಯಬಹುದು. ಸ್ಯಾಡಲನ್ನು ಚಕ್ ಹತ್ತಿರ ತನ್ನಿ. ಅದರ ಅಡಿಯಲ್ಲಿ ಬೆಡ್ಡನ್ನು ಹಿಡಿಯುವ ಪಟ್ಟಿಗಳಿರುತ್ತವೆ. ಸ್ಯಾಡಲ್ ಸ್ವಲ್ಪ ಬಿಗಿಯಾಗಿ, ಆದರೂ ಸರಿಯುವ ಹಾಗೆ ಅವನ್ನು ಹೊಂದಿಸಿ. ಈಗ ಹ್ಯಾಂಡ್‌ವೀಲ್ ತಿರುಗಿಸುತ್ತಾ ಟೇಲ್‌ಸ್ಟಾಕ್ ಕಡೆ ಹೋಗಿ. ನಡುವೆ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅಲ್ಲಿಂದಾಚೆ ಬೆಡ್ ಸವೆದಿಲ್ಲ ಅಂತ ಅರ್ಥ. ಮತ್ತೆ ಸರಿಯಲು ಎಷ್ಟು ಸಡಿಲ ಮಾಡಬೇಕಾಯಿತು ಅನ್ನುವುದನ್ನು ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳು) ಅಳೆಯಿರಿ. ಸವೆತದ ಅಂದಾಜು ಅದೇ. 0.1 ಮಿ.ಮೀ. ಒಳಗಿದ್ದರೆ ಗ್ರೈಂಡಿಂಗ್ ಮಾತು ಮರೆತುಬಿಡಿ. ನಿಮ್ಮ ಸ್ಟೀಮ್ ಎಂಜಿನ್ನಿನ ಸಿಲಿಂಡರ್ ಐವತ್ತು ಮಿ.ಮೀ. ಉದ್ದ ಇದ್ದೀತು. ಅಷ್ಟು ಚಿಕ್ಕ ಉದ್ದದಲ್ಲಿ ಸವೆತ ಎರಡೂ ತುದಿಗೆ ಹೆಚ್ಚುಕಡಿಮೆ ಒಂದೇ ಇರುತ್ತದೆ.

ಇನ್ನು ಮುಂದಿನ ಪರೀಕ್ಷೆಗಳಿಗೆ ಮಷೀನ್ ಓಡಬೇಕಲ್ವಾ? ಹಾಗಾಗಿ ಮೋಟಾರ್ ವಿಷಯ ಈಗಲೇ ಮುಗಿಸೋಣ. ಸಿಂಗಲ್ ಫೇಸ್ ಒಳಗೆ ಹೋಗಿ ತ್ರೀ ಫೇಸ್ ಹೊರಗೆ ಬರುವ, ಮೋಟಾರ್ ವೇಗವನ್ನೂ ಬದಲಿಸುವ ವಿಎಫ್‌ಡಿ ಅನ್ನುವ ಪೆಟ್ಟಿಗೆ ಸಿಗುತ್ತದೆ. ಆದರೆ ಅದು ಕೊಡುವುದು 230 ವೋಲ್ಟಿನ ತ್ರೀ ಫೇಸ್. ನಿಮ್ಮ ಮೋಟಾರ್ ಪ್ಲೇಟ್ ಮೇಲೆ 415 ವೋಲ್ಟ್, ಸ್ಟಾರ್ ಅಂತ ಇರಬಹುದು (ಸ್ಟಾರ್, ಡೆಲ್ಟಾ ಅಂದರೆ ಮೋಟಾರಿನ ವೈರ್ ಜೋಡಿಸುವ ಎರಡು ಬಗೆ). ಅದನ್ನು ಡೆಲ್ಟಾಕ್ಕೆ ಬದಲಿಸಿದರೆ 230ಕ್ಕೆ ಸರಿಹೋಗುತ್ತದೆ. ಟರ್ಮಿನಲ್ ಬಾಕ್ಸ್‌ನಲ್ಲಿ ಆರು ವೈರ್ ಇದ್ದರೆ ಪಟ್ಟಿ ಬದಲಿಸುವುದಷ್ಟೇ ಕೆಲಸ. ಮೂರೇ ವೈರ್ ಇದ್ದರೆ ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ಒಯ್ದು, ಒಳಗಿನ ಸ್ಟಾರ್ ಬಿಚ್ಚಿ ಆರು ವೈರ್ ಹೊರಗೆ ತೆಗೆದುಕೊಡಿ ಅನ್ನಿ. ಇದೆಲ್ಲ ಗೊಂದಲ ಅನ್ನಿಸಿದರೆ 1 ಎಚ್‌ಪಿ, 1440 ಆರ್‌ಪಿಎಂನ ಸಿಂಗಲ್ ಫೇಸ್ ಮೋಟಾರ್ ಹಾಕಿಕೊಳ್ಳಿ. ಮನೆ ಕೆಲಸಕ್ಕೆ ಅದು ಸಾಕು. ವಿಎಫ್‌ಡಿ ಇದೆ ಅಂತ ಬ್ಯಾಕ್ ಗೇರ್ ಕಳಚಿ ಮೂಲೆಗೆ ಹಾಕಬೇಡಿ. ವೇಗ ಕಡಿಮೆ ಮಾಡಿದ ಮೋಟಾರ್‌ಗೆ ಫ್ಯಾನ್ ಗಾಳಿಯೂ ಕಡಿಮೆ, ಬಿಸಿಯಾಗುತ್ತದೆ. ನಿಧಾನದಲ್ಲಿ ಬಲ ಬೇಕಾದಾಗ ಬ್ಯಾಕ್ ಗೇರೇ ಗತಿ.

ಸಿಂಗಲ್ ಫೇಸ್ ಮೋಟಾರ್ ಹಾಕುವುದಾದರೆ ಸ್ವಿಚ್ ಸುಮ್ನೆ ಗೋಡೆಯ ಸ್ವಿಚ್ ಆಗಬಾರದು. ನೋ ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರ್ ಇರಲಿ. ಕರೆಂಟ್ ಹೋಯಿತು, ನೀವು ಚಕ್ ಮೇಲೆ ಕೈಯಿಟ್ಟು ಜಾಬ್ ನೋಡುತ್ತಿದ್ದೀರಿ, ಕರೆಂಟ್ ಬಂತು. ಸ್ಟಾರ್ಟರ್ ಇದ್ದರೆ ಮಷೀನ್ ತಾನಾಗಿ ತಿರುಗುವುದಿಲ್ಲ. ವಿಎಫ್‌ಡಿ ಹಾಕಿದರೆ ಅದರಲ್ಲೂ ಕರೆಂಟ್ ಬಂದ ತಕ್ಷಣ ಓಡದ ಹಾಗೆ ಸೆಟ್ಟಿಂಗ್ ಇಡಿ. ಬಾಡಿಗೆ ಅರ್ಥಿಂಗ್ ಕೊಡುವುದನ್ನು ಮರೆಯಬೇಡಿ.

ಈಗ ಸ್ಪಿಂಡಲ್. ನನ್ನನ್ನು ಕೇಳಿದರೆ ಇಡೀ ಲೇತ್‌ನಲ್ಲಿ ನಿಮ್ಮ ತಾಳ್ಮೆಯೆಲ್ಲ ಖರ್ಚಾಗಬೇಕಾದ ಜಾಗ ಇದು. ಡಯಲ್ ಗೇಜನ್ನು ಹೆಡ್‌ಸ್ಟಾಕ್ ಮೇಲೆ ನಿಲ್ಲಿಸಿ. ಅದರ ಮೊನೆ ಚಕ್ ಮೇಲೆ ಅಲ್ಲ, ಚಕ್ ಹಿಂದೆ ಕಾಣುವ ಸ್ಪಿಂಡಲ್ ಮೇಲೆಯೇ ಕೂರಲಿ. ಚಕ್ ಕೆಳಗೆ ಒಂದು ಮರದ ರೀಪರ್ ತೂರಿಸಿ ಕೈಬಲದಲ್ಲಿ ಮೇಲಕ್ಕೆ ಎತ್ತಿ, ಬಿಡಿ. 50 ಮಿ.ಮೀ. ಸ್ಪಿಂಡಲ್‌ಗೆ 0.03ರಿಂದ 0.05 ಮಿ.ಮೀ. ಆಡಿದರೆ ಚೆನ್ನಾಗಿದೆ. ಎಣ್ಣೆಗೆ ಅಷ್ಟು ಜಾಗ ಬೇಕೇ ಬೇಕು. 0.1 ದಾಟಿದರೆ ನಿಮ್ಮ ಪಾರ್ಟಿಂಗ್ ನಡುಕಕ್ಕೆ ಕಾರಣ ಸಿಕ್ಕಿತು. ಆಮೇಲೆ ಚಕ್ಕನ್ನು ಹಿಂದೆ ಮುಂದೆ ತಳ್ಳಿ ಎಳೆದು ಉದ್ದದ ಪ್ಲೇ ನೋಡಿ. ಅದು 0.02 ಮಿ.ಮೀ. ಒಳಗೆ ಇರಲಿ. ಜಾಸ್ತಿ ಇದ್ದರೆ ಹಿಂಬದಿಯ ನಟ್ ಬಿಗಿದು ಸರಿ ಮಾಡಬಹುದು. ಥ್ರಸ್ಟ್ ಬೇರಿಂಗ್ ಹಾಳಾಗಿದ್ದರೆ ಹೊಸದು ಹಾಕಿ, ದುಬಾರಿ ಸಾಮಾನಲ್ಲ.

ಇಂಥ ಲೇತ್‌ಗಳಲ್ಲಿ ಹೆಚ್ಚಾಗಿ ಬುಷ್ ಎರಡು ಹೋಳಾಗಿರುತ್ತದೆ. ಮೇಲೆ ಕ್ಯಾಪ್, ಕ್ಯಾಪ್ ಮತ್ತು ಬಾಡಿ ನಡುವೆ ಎರಡೂ ಬದಿಯಲ್ಲಿ ಶಿಮ್, ಅಂದರೆ ತೆಳು ಲೋಹದ ಹಾಳೆ. ಬಿಚ್ಚುವ ಮುಂಚೆ ಪಂಚ್ ಹಿಡಿದು ಗುರುತು ಮಾಡಿ. ಮುಂದಿನ ಕ್ಯಾಪ್‌ಗೆ ಒಂದು ಚುಕ್ಕಿ, ಹಿಂದಿನದಕ್ಕೆ ಎರಡು. ಬುಷ್‌ನ ಹೋಳುಗಳಿಗೂ ಹಾಗೇ. ಯಾವ ಬದಿಯ ಶಿಮ್ ಯಾವುದು ಅಂತ ಬೇರೆ ಬೇರೆ ಕವರ್‌ನಲ್ಲಿ ಹಾಕಿ ಬರೆದಿಡಿ. ಕ್ಯಾಪ್ ಅದಲುಬದಲಾದರೆ ಸ್ಪಿಂಡಲ್ ತಿರುಗುವುದೇ ಇಲ್ಲ.

ಪ್ಲೇ ಕಡಿಮೆ ಮಾಡಲು ಎರಡೂ ಬದಿಯಿಂದ ಒಂದೇ ದಪ್ಪದ ಶಿಮ್ ತೆಗೆಯಬೇಕು. ಒಮ್ಮೆಗೆ 0.05 ಮಿ.ಮೀ.ಗಿಂತ ಜಾಸ್ತಿ ಬೇಡ. ಹಿತ್ತಾಳೆಯ ಶಿಮ್ ಹಾಳೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ತುರ್ತಿಗೆ ಕೂಲ್ ಡ್ರಿಂಕ್ಸ್ ಡಬ್ಬಿಯ ಗೋಡೆ ಆಗುತ್ತದೆ, ಅದು ಹತ್ತಿರಹತ್ತಿರ 0.1 ಮಿ.ಮೀ. ದಪ್ಪ. ಕಾಗದ ಮಾತ್ರ ಬೇಡ, ಎಣ್ಣೆ ಕುಡಿದು ಕುಸಿಯುತ್ತದೆ. ಇನ್ನೊಂದು ಮಾತು. ಸ್ಪಿಂಡಲ್ ಬಿಗಿಯಾಯಿತು ಅಂತ ಕ್ಯಾಪ್ ಬೋಲ್ಟ್ ಅರ್ಧ ಸಡಿಲ ಬಿಡುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಹಾಗೆ ಮಾಡಬೇಡಿ. ಬೋಲ್ಟ್ ಯಾವಾಗಲೂ ಪೂರ್ತಿ ಬಿಗಿ. ಸಡಿಲ ಬೇಕಾದರೆ ಶಿಮ್ ಸೇರಿಸಿ.

ಶಿಮ್ ತೆಗೆದ ಮೇಲೂ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇದ್ದರೆ ಬುಷ್ ಕೆರೆಯಬೇಕು. ಸ್ಪಿಂಡಲ್‌ಗೆ ನೀಲಿಯನ್ನು, ಅದೇ ಪ್ರಶಿಯನ್ ಬ್ಲೂ, ಬೆರಳಿನಲ್ಲಿ ಸವರಿ ಒರೆಸಿದಷ್ಟು ತೆಳುವಾಗಿ ಹಚ್ಚಿ. ಬುಷ್‌ನಲ್ಲಿ ಕೂರಿಸಿ ಅರ್ಧ ಸುತ್ತು ತಿರುಗಿಸಿ ಎತ್ತಿ. ನೀಲಿ ಹತ್ತಿದ ಜಾಗ ಎತ್ತರ ಇದೆ. ಅದನ್ನು ಮಾತ್ರ ಸ್ಕ್ರೇಪರ್‌ನಲ್ಲಿ ಕೆರೆಯಿರಿ. ಹಳೆಯ ಮೂರು ಮೂಲೆಯ ಅರದ ಹಲ್ಲನ್ನು ಉಜ್ಜಿ ತೆಗೆದರೆ ಒಳ್ಳೆಯ ಸ್ಕ್ರೇಪರ್ ಆಗುತ್ತದೆ. ಮತ್ತೆ ನೀಲಿ, ಮತ್ತೆ ಕೆರೆಯುವುದು. ಬುಷ್‌ನ ಮುಕ್ಕಾಲು ಭಾಗದಲ್ಲಿ ಚುಕ್ಕಿ ಚುಕ್ಕಿ ನೀಲಿ ಹರಡುವವರೆಗೆ ಬಿಡಬೇಡಿ. ಎರಡು ಭಾನುವಾರ ಹಿಡಿಯಬಹುದು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀಲಿ ನೋಡಿ ಎಲ್ಲಿ ಕೆರೆಯಬೇಕು ಅಂತ ಹೇಳುವುದು ಮಕ್ಕಳ ಕಣ್ಣಿಗೆ ಬೇಗ ಒಗ್ಗುತ್ತದೆ. ಎಣ್ಣೆ ಕಾಲುವೆ ಸವೆದು ಹೋಗಿದ್ದರೆ ಮತ್ತೆ ಕೊರೆಯಿರಿ, ಆದರೆ ಬುಷ್‌ನ ಅಂಚಿನ ತನಕ ಒಯ್ಯಬೇಡಿ, ಎಣ್ಣೆಯೆಲ್ಲ ಹೊರಗೆ ಸೋರುತ್ತದೆ.

ಜೋಡಿಸಿದ ಮೇಲೆ ಕೈಯಲ್ಲಿ ಚಕ್ ತಿರುಗಿಸಿ. ಜೇನಿನಲ್ಲಿ ಚಮಚ ತಿರುಗಿದ ಹಾಗೆ ಸಮನಾಗಿ ತಿರುಗಬೇಕು. ಕಡಿಮೆ ವೇಗದಲ್ಲಿ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಕ್ಯಾಪ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಶಿಮ್ ವಾಪಸ್ ಹಾಕಿ. ಆಮೇಲೆ ಮುಂದಿನ ವೇಗ.

ಬುಷ್ ತೆಗೆದಾಗ ಸ್ಪಿಂಡಲ್ಲನ್ನೂ ಮೈಕ್ರೋಮೀಟರ್‌ನಲ್ಲಿ ನಾಲ್ಕು ಕಡೆ ಅಳೆಯಿರಿ. 0.02 ಮಿ.ಮೀ.ಗಿಂತ ಜಾಸ್ತಿ ಮೊಟ್ಟೆಯಾಕಾರ ಇದ್ದರೆ ಕೆರೆದು ಪ್ರಯೋಜನ ಇಲ್ಲ. ಸ್ಪಿಂಡಲ್ ಗ್ರೈಂಡ್ ಮಾಡಿಸಿ, ಆ ಅಳತೆಗೆ ಹೊಸ ಬುಷ್ ಮಾಡಿಸಿ. ಇದರಲ್ಲಿ ನೀವು ಅದೃಷ್ಟವಂತರು. ಬೆಳಗಾವಿ ಫೌಂಡ್ರಿಗಳ ಊರು. ಗನ್‌ಮೆಟಲ್ ಎರಕಕ್ಕೆ ನೀವು ದೂರ ಹೋಗಬೇಕಾಗಿಲ್ಲ.

ಸ್ಪಿಂಡಲ್ ಸರಿಯಾಯಿತು ಅಂದ ಮೇಲೆ ಲೇತ್ ಕೂರಿಸುವ ಕೆಲಸ. ಇದನ್ನು ಮುಂಚೆ ಮಾಡಿ ಫಲ ಇಲ್ಲ, ಸ್ಪಿಂಡಲ್ ಆಡುತ್ತಿದ್ದರೆ ಅಳತೆಗೆ ಅರ್ಥವೇ ಇರುವುದಿಲ್ಲ. ಮೊದಲು ಬೋಲ್ಟ್ ಬಿಗಿಯದೆ ಕಾಲುಗಳ ಕೆಳಗೆ ತಗಡು ಇಟ್ಟು, ಯಾವ ಮೂಲೆಯೂ ಕುಂಟದ ಹಾಗೆ ಮಾಡಿ. ಆಮೇಲೆ ಮೆಲ್ಲಗೆ ಬಿಗಿಯಿರಿ. ಗಾರೆ ಕೆಲಸದವರ ಲೆವೆಲ್ ಇದಕ್ಕೆ ಸಾಲದು. ಮಷೀನ್ ಲೆವೆಲ್ ದುಬಾರಿ. ಅದಿಲ್ಲದೆಯೂ ಆಗುತ್ತದೆ, ಜಾಬ್‌ನಿಂದಲೇ ತಿಳಿಯಬಹುದು.

40 ಮಿ.ಮೀ. ದಪ್ಪದ ರಾಡ್ ತೆಗೆದುಕೊಳ್ಳಿ. 25ಕ್ಕಿಂತ ಇದು ಬಾಗುವುದರಲ್ಲಿ ಆರೂವರೆ ಪಟ್ಟು ಗಟ್ಟಿ. ಚಕ್‌ನಿಂದ 150 ಮಿ.ಮೀ. ಹೊರಗಿರಲಿ, ಟೇಲ್‌ಸ್ಟಾಕ್ ಆಸರೆ ಬೇಡ. ನಡುವಿನ ಭಾಗವನ್ನು ಒಂದೆರಡು ಮಿ.ಮೀ. ಇಳಿಸಿ, ಎರಡು ತುದಿಗೆ ಹದಿನೈದು ಮಿ.ಮೀ. ಅಗಲದ ಎರಡು ಕಾಲರ್ ಉಳಿಸಿ. ಚೂಪಾಗಿ ಮಸೆದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ನಲ್ಲಿ, ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಮುಟ್ಟದೆ, ಒಂದೇ ಸೆಟ್ಟಿಂಗ್‌ನಲ್ಲಿ ಎರಡೂ ಕಾಲರ್ ಮೇಲೆ ತೀರ ತೆಳು ಕಟ್ ಹಾಕಿ. ಎರಡನ್ನೂ ಮೈಕ್ರೋಮೀಟರ್‌ನಲ್ಲಿ ಅಳೆಯಿರಿ.

ಹೊರಗಿನ ಕಾಲರ್ ದಪ್ಪ ಬಂದರೆ ಟೇಲ್‌ಸ್ಟಾಕ್ ಕಡೆಯ ಕಾಲಿನ ಮುಂಭಾಗವನ್ನು, ಅಂದರೆ ನೀವು ನಿಲ್ಲುವ ಕಡೆಯ ಭಾಗವನ್ನು, ಎತ್ತಬೇಕು. ಅಲ್ಲಿ ಬೋಲ್ಟ್ ಸಡಿಲಿಸಿ ಒಂದು ಶಿಮ್ ತೂರಿಸಿ ಮತ್ತೆ ಬಿಗಿಯಿರಿ. ಬೆಡ್‌ನ ಆ ತುದಿ ಸ್ವಲ್ಪ ಹಿಂದಕ್ಕೆ ವಾಲುತ್ತದೆ, ಅದರ ಜೊತೆ ಟೂಲ್ ಜಾಬ್ ಕಡೆಗೆ ಸರಿಯುತ್ತದೆ. ಹೊರಗಿನ ಕಾಲರ್ ಸಣ್ಣ ಬಂದರೆ ಹಿಂಭಾಗ ಎತ್ತಿ. ಮತ್ತೆ ಕಟ್, ಮತ್ತೆ ಅಳತೆ. ವ್ಯತ್ಯಾಸ 0.02 ಮಿ.ಮೀ. ಒಳಗೆ ಬಂದರೆ ನಿಲ್ಲಿಸಿ. ಒಂದು ತಿಂಗಳ ನಂತರ ಇನ್ನೊಮ್ಮೆ ನೋಡಿ, ಹೊಸ ಕಾಂಕ್ರೀಟ್ ಆದರೆ ಕೂತುಕೊಂಡಿರುತ್ತದೆ. ನಿಮ್ಮ 0.15ರ ಬಹುಪಾಲು ಇಲ್ಲೇ ಕರಗುತ್ತದೆ ಅನ್ನುವುದು ನನ್ನ ನಂಬಿಕೆ. ಎಷ್ಟು ಶಿಮ್ ಹಾಕಿದರೂ ಜಗ್ಗದೆ ಇದ್ದರೆ ಮಾತ್ರ ಹೆಡ್‌ಸ್ಟಾಕ್ ಬೆಡ್ ಮೇಲೆ ಓರೆ ಕೂತಿದೆಯಾ ಅಂತ ನೋಡಬೇಕಾಗುತ್ತದೆ.

ಪಾರ್ಟಿಂಗ್ ನಡುಕಕ್ಕೆ ಸ್ಪಿಂಡಲ್ ಬಿಟ್ಟರೆ ಇನ್ನೊಂದು ಜಾಗ ಕ್ರಾಸ್ ಸ್ಲೈಡ್ ಮತ್ತು ಅದರ ಮೇಲಿನ ಕಾಂಪೌಂಡ್ ಸ್ಲೈಡ್‌ನ ಗಿಬ್, ಅಂದರೆ ಸ್ಲೈಡಿನ ಸಡಿಲ ಹೊಂದಿಸುವ ಪಟ್ಟಿ. ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದು, ಹ್ಯಾಂಡಲ್ ತಿರುಗಿಸಿದರೆ ಸಮನಾದ ಬಿಗಿ ಸಿಗುವ ಹಾಗೆ ಮಾಡಿ. ಹ್ಯಾಂಡಲ್‌ನಲ್ಲಿ ಕಾಲು ಸುತ್ತು ಖಾಲಿ ತಿರುಗುತ್ತದೆ ಅಂತ ಹಳೆ ಲೇತ್ ಕೊಂಡವರೆಲ್ಲ ಚಿಂತೆ ಮಾಡುತ್ತಾರೆ. ಅದು ಸ್ಕ್ರೂ ಮತ್ತು ನಟ್‌ನ ಸವೆತ. ಟೂಲನ್ನು ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ತಂದರೆ ಅದರಿಂದ ಜಾಬ್ ಕೆಡುವುದಿಲ್ಲ. ಕೆಲಸಕ್ಕೆ ಅಡ್ಡಿ ಅನ್ನಿಸಿದಾಗ ಗನ್‌ಮೆಟಲ್‌ನಲ್ಲಿ ಹೊಸ ನಟ್ ಮಾಡಿಸಿ. ಮೂರು ಜಾ ಚಕ್ 0.1 ಮಿ.ಮೀ. ಔಟ್ ತೋರಿಸಿದರೆ ಸ್ಪಿಂಡಲ್ ಮೇಲೆ ಅನುಮಾನ ಬೇಡ. ಹಳೆ ಚಕ್‌ನ ಜಾ ಬಾಯಿ ಸವೆದು ಅಗಲವಾಗಿರುತ್ತದೆ. ಅಳತೆ ಮುಖ್ಯವಾದ ಕೆಲಸಕ್ಕೆ ನಾಲ್ಕು ಜಾ ಚಕ್ ಬಳಸಿ. ಟೇಲ್‌ಸ್ಟಾಕ್ ಸವೆದು ತಗ್ಗಿದ್ದರೆ ಅದರ ಬಾಡಿ ಮತ್ತು ತಳದ ನಡುವೆ ಶಿಮ್ ಹಾಕಿ ಎತ್ತಬಹುದು.

ಥ್ರೆಡ್ ಕತ್ತರಿಸಲು ಬದಲಿಸಿ ಹಾಕುವ ಚೇಂಜ್ ಗೇರ್ ಎಣಿಸಿ ನೋಡಿ. ಈ ಲೇತ್‌ಗಳ ಲೀಡ್ ಸ್ಕ್ರೂ ಹೆಚ್ಚಾಗಿ ಇಂಚಿಗೆ ನಾಲ್ಕು ಥ್ರೆಡ್‌ನದು. ಮಿ.ಮೀ. ಥ್ರೆಡ್ ಕತ್ತರಿಸಲು 127 ಹಲ್ಲಿನ ಗೇರ್ ಬೇಕು, ಒಂದು ಇಂಚು 25.4 ಮಿ.ಮೀ. ಆಗಿರುವುದರಿಂದ. ಅಷ್ಟು ದೊಡ್ಡ ಗೇರ್ ಇಲ್ಲದಿದ್ದರೆ 63 ಹಲ್ಲಿನದು ಸಾಕು. ತಿರುಗಿಸುವ ಗೇರ್‌ಗಳಾಗಿ (ಡ್ರೈವರ್) 63 ಮತ್ತು 20, ತಿರುಗಿಸಿಕೊಳ್ಳುವ ಗೇರ್‌ಗಳಾಗಿ (ಡ್ರಿವನ್) 80 ಮತ್ತು 100 ಹಾಕಿದರೆ 1 ಮಿ.ಮೀ. ಪಿಚ್ ಬರುತ್ತದೆ. 100 ಮಿ.ಮೀ. ಉದ್ದಕ್ಕೆ ತಪ್ಪು ಬರೀ 0.0125 ಮಿ.ಮೀ. ಸ್ಟೀಮ್ ಎಂಜಿನ್ನಿನ ನಟ್ ಬೋಲ್ಟ್‌ಗೆ ಇದು ಲೆಕ್ಕಕ್ಕೇ ಇಲ್ಲ. ಹಲ್ಲು ಮುರಿದ ಗೇರ್ ಮಾಡಿಸುವಾಗ ಹಲ್ಲಿನ ಅಳತೆ ನೀವೇ ತೆಗೆದು ಹೇಳಿ. ಹಲ್ಲುಗಳ ಸಂಖ್ಯೆಗೆ 2 ಕೂಡಿಸಿ, ಇಂಚಿನಲ್ಲಿ ಅಳೆದ ಹೊರವ್ಯಾಸದಿಂದ ಭಾಗಿಸಿ. 40 ಹಲ್ಲು, 2.625 ಇಂಚು ಇದ್ದರೆ 16 ಡಿಪಿ (ಡಿಪಿ ಇಂಚಿನ ಗೇರ್‌ಗಳ ಹಲ್ಲಿನ ಅಳತೆ, ಮಾಡ್ಯೂಲ್ ಮಿ.ಮೀ. ಗೇರ್‌ಗಳದ್ದು). ಹತ್ತಿರ ಇದೆ ಅಂತ ಒಂದೂವರೆ ಮಾಡ್ಯೂಲ್ ಗೇರ್ ಹಾಕಿಬಿಟ್ಟರೆ ಕಿರುಚುತ್ತದೆ.

ತುಕ್ಕಿನ ವಿಷಯಕ್ಕೆ ಬರುತ್ತೇನೆ. ಬೆಡ್ ಮೇಲೆ ಎಮರಿ ಪೇಪರ್ ಹಾಕಲೇಬೇಡಿ. ಎಮರಿ ಹರಳು ಬೀಡಿನಲ್ಲಿ ಸಿಕ್ಕಿಕೊಂಡು ಸ್ಯಾಡಲನ್ನು ವರ್ಷಾನುಗಟ್ಟಲೆ ತಿನ್ನುತ್ತದೆ. ಇದು ಹೊಸ ತಿಳುವಳಿಕೆಯೇನೂ ಅಲ್ಲ. 1840ರಲ್ಲಿ ಗ್ಲಾಸ್ಗೋದಲ್ಲಿ ಇಂಗ್ಲಿಷ್ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಮಂಡಿಸಿದ ಪ್ರಬಂಧದ ತಿರುಳೇ ಇದು: ಸಮತಟ್ಟು ಮಾಡಲು ಎಮರಿ ಹಾಕಿ ಉಜ್ಜಬೇಡಿ, ಕೆರೆಯಿರಿ. ನೀವು ಬುಷ್‌ಗೆ ಹಚ್ಚುವ ನೀಲಿ, ಹಿಡಿಯುವ ಸ್ಕ್ರೇಪರ್ ಅದೇ ದಾರಿಯದ್ದು. ಬೆಡ್ಡಿಗೆ ಡೀಸೆಲ್ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಬ್ಲೇಡನ್ನು ಮಲಗಿಸಿ ಹಿಡಿದು ಕೆರೆದರೆ ತುಕ್ಕು ಪದರವಾಗಿ ಏಳುತ್ತದೆ. ಕಪ್ಪು ಕಲೆ ಉಳಿದರೆ ಇರಲಿ, ಅದರಿಂದ ತೊಂದರೆ ಇಲ್ಲ.

ಸಣ್ಣ ಸ್ಕ್ರೂ, ಹ್ಯಾಂಡಲ್‌ಗಳನ್ನು ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಹಚ್ಚಿ. ದೊಡ್ಡ ಬೀಡಿನ ಭಾಗಗಳಿಗೆ ವಾಷಿಂಗ್ ಸೋಡಾ ನೀರು ಮತ್ತು ಬ್ಯಾಟರಿ ಚಾರ್ಜರ್ ಉಪಾಯ ಚೆನ್ನಾಗಿದೆ. ಲೀಟರ್‌ಗೆ ಒಂದು ಚಮಚ ಸೋಡಾ, ತುಕ್ಕಿನ ಭಾಗಕ್ಕೆ ಮೈನಸ್, ಬೇಡದ ಕಬ್ಬಿಣದ ಕಂಬಿಗೆ ಪ್ಲಸ್. ಸ್ಟೀಲ್ ತಟ್ಟೆ, ಲೋಟ ಮಾತ್ರ ಬಳಸಬೇಡಿ. ಸ್ಟೇನ್‌ಲೆಸ್ ಸ್ಟೀಲ್‌ನಿಂದ ನೀರಿಗೆ ವಿಷದ ಕ್ರೋಮಿಯಂ ಇಳಿಯುತ್ತದೆ. ಹೈಡ್ರೋಜನ್ ಗಾಳಿ ಏಳುವುದರಿಂದ ಇದನ್ನು ಶೆಡ್ ಹೊರಗೆ, ಬೆಂಕಿ ಇಲ್ಲದ ಕಡೆ ಮಾಡಿ. ಹಳೆ ಪೇಂಟ್‌ನಲ್ಲಿ ಸೀಸ ಇರಬಹುದು, ಒಣ ಉಜ್ಜಿ ಪುಡಿ ಎಬ್ಬಿಸಬೇಡಿ. ಪೇಂಟ್ ಹೊಡೆಯುವುದು ಎಲ್ಲ ಮುಗಿದ ಮೇಲೆ. ಬಣ್ಣ ನಿಮ್ಮ ಇಷ್ಟ.

ಎಣ್ಣೆ ಬಗ್ಗೆ ಸ್ವಲ್ಪ ಹಟ ಮಾಡುತ್ತೇನೆ. ಬುಷ್‌ಗೆ ವಿಜಿ 32 ಅಥವಾ 46, ಬೆಡ್ಡಿಗೆ ವಿಜಿ 68 (ವಿಜಿ ಅಂದರೆ ಎಣ್ಣೆ ಎಷ್ಟು ದಪ್ಪ ಅನ್ನುವ ಅಳತೆ). ಬೈಕಿನ 20ಡಬ್ಲ್ಯು-40 ಎಂಜಿನ್ ಆಯಿಲ್ ಬುಷ್‌ಗೆ ತೀರ ದಪ್ಪ, ಸ್ಪಿಂಡಲ್ ಬಿಸಿಯಾಗುತ್ತದೆ. ಕೊಬ್ಬರಿ ಎಣ್ಣೆ ಬೆಳಗಾವಿಯ ಚಳಿಗೆ ಹೆಪ್ಪುಗಟ್ಟುತ್ತದೆ. ಎಣ್ಣೆ ಬಟ್ಟಲಲ್ಲಿ ಗ್ರೀಸ್ ತುಂಬಿರುವುದು ಕಂಡರೆ ಪೂರ್ತಿ ತೆಗೆದು ರಂಧ್ರಕ್ಕೆ ತಂತಿ ಹಾಕಿ ನೋಡಿ. ಕೆಳಗೆ ಎಣ್ಣೆ ಇಳಿಯದೆ ಬುಷ್ ಸತ್ತಿರುವುದು ಬಹಳ ಸಲ ಇದರಿಂದಲೇ.

ಗನ್‌ಮೆಟಲ್ ಬುಷ್‌ನ ಲೇತ್ ವೇಗದ ಮಷೀನ್ ಅಲ್ಲ. ಕಾರ್ಬೈಡ್ ಟೂಲ್‌ಗೆ ಖರ್ಚು ಮಾಡಬೇಡಿ. 25 ಮಿ.ಮೀ. ಮೈಲ್ಡ್ ಸ್ಟೀಲ್‌ಗೆ ಎಚ್‌ಎಸ್‌ಎಸ್ ಟೂಲ್ ಕೇಳುವುದು ಸುಮಾರು 380 ಆರ್‌ಪಿಎಂ. ನಿಮ್ಮ ಕೋನ್ ಪುಲ್ಲಿ ಅದನ್ನು ಆರಾಮಾಗಿ ಕೊಡುತ್ತದೆ. ಉಳಿದ ದುಡ್ಡಿಗೆ ಒಂದು ಒಳ್ಳೆಯ ಡಯಲ್ ಗೇಜ್, ಮ್ಯಾಗ್ನೆಟಿಕ್ ಸ್ಟ್ಯಾಂಡ್, 0ರಿಂದ 25 ಮತ್ತು 25ರಿಂದ 50ರ ಎರಡು ಮೈಕ್ರೋಮೀಟರ್ ತೆಗೆದುಕೊಳ್ಳಿ.

ಮಗಳು ಮಷೀನ್ ಹತ್ತಿರ ಬರುವ ಮುಂಚೆ ಬೆಲ್ಟ್‌ಗೂ ಚೇಂಜ್ ಗೇರ್‌ಗೂ ತಗಡಿನ ಮುಚ್ಚಳ ಮಾಡಿ ಹಾಕಿ. ಹಳೆ ಲೇತ್‌ಗಳಲ್ಲಿ ಅದು ಎಂದೋ ಕಳೆದುಹೋಗಿರುತ್ತದೆ. ಕೂದಲು ಎತ್ತಿ ಕಟ್ಟಬೇಕು, ದುಪಟ್ಟಾ ಬೇಡ, ಉದ್ದ ತೋಳು ಬೇಡ, ಗ್ಲೌಸ್ ಬೇಡವೇ ಬೇಡ. ಕಣ್ಣಿಗೆ ಕನ್ನಡಕ ಬೇಕು. ಚಕ್ ಕೀಯಿಂದ ಕೈ ತೆಗೆಯುವುದು ಕೀ ಚಕ್‌ನಿಂದ ಹೊರಗೆ ಬಂದ ಮೇಲೆಯೇ. ಇದನ್ನು ಮೊದಲ ದಿನವೇ ಕಲಿಸಿ.

ಸ್ಪಿಂಡಲ್ ಕೆಲಸ ಆದ ಮೇಲೆ ಮೂರು ಅಂಕಿ ಬರೆದು ಕಳಿಸಿ: ರೀಪರ್ ಹಾಕಿ ಎತ್ತಿದಾಗ ಡಯಲ್ ಎಷ್ಟು ತೋರಿಸಿತು, ಎರಡು ಕಾಲರ್‌ಗಳ ವ್ಯತ್ಯಾಸ ಎಷ್ಟು, ಟೇಲ್‌ಸ್ಟಾಕ್ ಕಡೆಯ ಕಾಲಿಗೆ ಹಾಕಿದ ಶಿಮ್ ಎಷ್ಟು ದಪ್ಪ. ಅದನ್ನು ನೋಡಿ ಬೆಡ್ ಬಗ್ಗೆ ಮುಂದೆ ಮಾತಾಡೋಣ.